ಪುಡಿಯಕ್ಕ ಮತ್ತು ಹನ್ನೊಂದರ ಬಸ್ಸು

ನಮ್ಮ ಬೀದಿಯ ಊಟದ ಅಂಗಡಿಯಲ್ಲಿ ಒಂದು ತುತ್ತು ತಿಂದವರಿಗೂ ಪುಡಿಯಕ್ಕನ ಕೈರುಚಿ ಗೊತ್ತು. ಅವಳ ಮುಖ ಗೊತ್ತಿರುವವರು ಬೆರಳೆಣಿಕೆಯಷ್ಟು. ಅಂಗಡಿಯ ಬಾಗಿಲು ದೊಡ್ಡ ರಸ್ತೆಗೆ ಇದೆ. ಅವಳ ಕೋಣೆ ಎಲ್ಲಕ್ಕಿಂತ ಹಿಂದೆ, ಪಾತ್ರೆ ತೊಳೆಯುವ ಜಾಗವನ್ನೂ ದಾಟಿ. ಒಂಬತ್ತು ವರ್ಷ ನಾನು ಅವಳ ಜೊತೆ ಅಲ್ಲಿ ಕೆಲಸ ಮಾಡಿದೆ. ಅವಳು ಹುರಿಯುವವಳು, ನಾನು ಮೆಣಸಿನಕಾಯಿಯ ತೊಟ್ಟು ಬಿಡಿಸುವವಳು, ಜರಡಿ ಹಿಡಿಯುವವಳು. ಕಣ್ಣಾರೆ ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಕಾಣದ್ದನ್ನು ಅವಳು ಹೇಳಿದ ಹಾಗೆ ಬರೆಯುತ್ತೇನೆ.

ಅವಳ ಪುಡಿ ಒಂದೇ. ಮಾಂಸಕ್ಕೂ ಅದೇ, ಮೀನಿಗೂ ಅದೇ, ತರಕಾರಿಗೂ ಅದೇ. ಹಾಕುವ ರೀತಿ ಮಾತ್ರ ಬೇರೆ. ಮಾಂಸಕ್ಕೆ ಹಚ್ಚಿ ಒಂದು ಗಂಟೆ ಬಿಡಬೇಕು. ಮೀನಿಗೆ ಕಾಲು ಗಂಟೆ ಸಾಕು, ಹೆಚ್ಚು ಬಿಟ್ಟರೆ ಪುಡಿಯಲ್ಲಿರುವ ಉಪ್ಪು ನೀರನ್ನೆಲ್ಲ ಎಳೆದು ಮೀನು ಗಟ್ಟಿಯಾಗುತ್ತದೆ. ತರಕಾರಿಗೆ ಮೊದಲೇ ಹಾಕಬಾರದು, ನೀರು ಬಿಟ್ಟು ಮೆತ್ತಗಾಗುತ್ತದೆ. ಬಾಣಲೆಯಲ್ಲಿ ಮುಕ್ಕಾಲು ಬೆಂದ ಮೇಲೆ ಉದುರಿಸಬೇಕು.

ಒಂದು ಕಿಲೋ ಮೆಣಸಿನಕಾಯಿ, ಅದರಲ್ಲಿ ಅರ್ಧ ಬಣ್ಣದ್ದು, ಅರ್ಧ ಖಾರದ್ದು. ಮುಕ್ಕಾಲು ಕಿಲೋ ಕೊತ್ತಂಬರಿ ಬೀಜ. ನೂರು ಗ್ರಾಂ ಕಾಳುಮೆಣಸು, ಅಷ್ಟೇ ಜೀರಿಗೆ, ಒಂದು ಹಿಡಿ ಸಾಸಿವೆ. ನೆರಳಿನಲ್ಲಿ ನಾಲ್ಕು ದಿನ ಒಣಗಿಸಿದ ಬೆಳ್ಳುಳ್ಳಿ, ಒಣಶುಂಠಿ, ಒಣಗಿದ ನಿಂಬೆ ಸಿಪ್ಪೆ, ಅರಿಶಿನ, ಹುರಿದ ಉಪ್ಪು, ಕಡೆಗೆ ಎರಡು ಚಮಚ ಸಕ್ಕರೆ. ಒಂದೊಂದನ್ನೂ ಬೇರೆ ಬೇರೆ ಹುರಿಯಬೇಕು. ಕೊತ್ತಂಬರಿಗೆ ಬೇಕಾದಷ್ಟು ಹೊತ್ತು ಜೀರಿಗೆಯನ್ನು ಇಟ್ಟರೆ ಅದು ಬೂದಿ. ಎಲ್ಲವೂ ತಣ್ಣಗಾದ ಮೇಲೆಯೇ ಯಂತ್ರಕ್ಕೆ ಹಾಕಬೇಕು. ಪುಡಿಯನ್ನೂ ಬಟ್ಟೆಯ ಮೇಲೆ ಹರಡಿ ಆರಿಸಿದ ಮೇಲೆಯೇ ಡಬ್ಬಿಗೆ, ಇಲ್ಲದಿದ್ದರೆ ಬೆವರಿ ಗಂಟು ಕಟ್ಟುತ್ತದೆ. ಯಾರು ಕೇಳಿದರೂ ಪುಡಿಯಕ್ಕ ಇಷ್ಟನ್ನು ಹೇಳುತ್ತಿದ್ದಳು. ಇಷ್ಟನ್ನೂ ತಪ್ಪದೆ ಮಾಡಿದವರಿಗೂ ಆ ರುಚಿ ಬರುತ್ತಿರಲಿಲ್ಲ.

ಆ ಕೋಣೆ ಉದ್ದ ಹತ್ತು ಅಡಿ, ಅಗಲ ಎಂಟು ಅಡಿ. ಗೋಡೆಗೆ ಒಂದು ಮಂಚ, ಮಂಚದ ಕೆಳಗೆ ಅವಳ ಬಟ್ಟೆಯ ಪೆಟ್ಟಿಗೆ, ಎದುರು ಗೋಡೆಗೆ ಒಲೆ. ಮಲಗುವುದೂ ಹುರಿಯುವುದೂ ಅಲ್ಲೇ. ಒಂದು ಕಿಟಕಿ ಇತ್ತು, ಗಿರಾಕಿಗಳು ಕೈ ತೊಳೆಯುವ ಕಡೆಗೆ. ಘಾಟು ಹೋಗಿ ಅವರು ಕೆಮ್ಮುತ್ತಾರೆಂದು ಅದಕ್ಕೆ ಹಲಗೆ ಇಟ್ಟು ಮೊಳೆ ಹೊಡೆದಿದ್ದರು. ಹುರಿಯುವಾಗ ಬಾಗಿಲನ್ನೂ ಮುಚ್ಚಿ ಸಂದಿಗೆ ಒದ್ದೆ ಗೋಣಿಚೀಲ ತುರುಕಬೇಕು. ಅವಳು ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಒಳಗೆ, ನಾನು ಹೊರಗಿನ ಓಣಿಯಲ್ಲಿ ತೊಟ್ಟು ಬಿಡಿಸುತ್ತ. ಒಳಗಿನಿಂದ ಕೆಮ್ಮು ಕೇಳಿದರೆ ಮೆಣಸಿನಕಾಯಿ ಬಿಸಿಯಾಯಿತೆಂದು ನನಗೆ ಗೊತ್ತಾಗುತ್ತಿತ್ತು.

ಅವಳು ಆ ಮನೆಯ ಹಿರಿಯ ಸೊಸೆ. ಗಂಡ ಮತ್ತು ಅವನ ತಮ್ಮ ಸೇರಿ ಅಂಗಡಿ ಹಾಕಿದವರು. ಗಂಡ ತೀರಿಹೋದ ಮೇಲೆ ತಮ್ಮನೇ ಯಜಮಾನರಾದರು. ಯಜಮಾನರು ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅತ್ತಿಗೆಗೆ ಒಂದು ದಿನವೂ ಗದರಿದವರಲ್ಲ. ಅತ್ತಿಗೆಯ ಮಗಳನ್ನು ಓದಿಸಿದರು, ನರ್ಸಿಂಗ್ ಕಲಿಯಲು ಬೇರೆ ಊರಿಗೆ ಕಳಿಸಿದರು. ಬೈಯುವವರ ಮನೆಯನ್ನು ಬಿಟ್ಟು ಹೋಗುವುದು ಸುಲಭ. ನಗುನಗುತ್ತ ಕಟ್ಟಿಹಾಕಿದವರ ಮನೆಯಲ್ಲಿ ಗಂಟು ಎಲ್ಲಿದೆ ಎಂದೇ ಕಾಣುವುದಿಲ್ಲ.

ಹೋದ ವರ್ಷ ಮಗಳಿಗೆ ಕೆಲಸ ಕಾಯಂ ಆಯಿತು. ಎರಡು ಕೋಣೆಯ ಮನೆ ಹಿಡಿದಳು. ಅಮ್ಮ ಬಂದು ತನ್ನ ಜೊತೆ ಇರಲಿ ಎಂದು ಫೋನಿನಲ್ಲಿ ಕೇಳಿದಳು, ಒಮ್ಮೆಯಲ್ಲ, ವಾರಕ್ಕೊಮ್ಮೆ. ಪುಡಿಯಕ್ಕ ನಾಲ್ಕು ವಾರ ತಾಳಿ ಯಜಮಾನರ ಮುಂದೆ ಬಾಯಿಬಿಟ್ಟಳು. ಅವರು ಒಂದು ಕ್ಷಣವೂ ಯೋಚಿಸಲಿಲ್ಲ.

"ಹೋಗಿ ಅತ್ತಿಗೆ, ಯಾರು ಬೇಡ ಅಂದ್ರು? ಯಾರಾದ್ರೂ ಒಬ್ರಿಗೆ ಪುಡಿ ಕಲಿಸಿಕೊಟ್ಟು ಆರಾಮಾಗಿ ಹೋಗಿ."

ಅವಳು ಸಂತೋಷದಿಂದ ಹಿಂದಕ್ಕೆ ಬಂದಳು ಎಂದುಕೊಂಡೆ. ಮುಖ ನೋಡಿದರೆ ಬಿಳುಚಿಕೊಂಡಿತ್ತು. ಯಾಕೆಂದು ಆಗ ನನಗೆ ತಿಳಿಯಲಿಲ್ಲ.

ಮೊದಲು ಕಲಿಸಿದ್ದು ಅಂಗಡಿಯ ಅಡಿಗೆಯವನಿಗೆ. ಅವನು ಚುರುಕು, ಬಾಯಿಯೂ ಚುರುಕು. ಒಲೆಯ ಮುಂದೆ ಅವಳು ಹೇಳಿದ್ದನ್ನೆಲ್ಲ ಹೇಳಿದ ಹಾಗೆ ಮಾಡಿದ. ತೂಕ ಸರಿ, ಹದ ಸರಿ, ಮೆಣಸಿನಕಾಯಿ ಗರಿಗರಿಯಾಗಿ ಕೆಂಪಗೇ ಇತ್ತು. ಪುಡಿ ನೋಡಲು ಚೆಂದ. ತಿನ್ನಲು ಮಾತ್ರ ಯಾವ ಅಂಗಡಿಯಲ್ಲೂ ಸಿಗುವ ಪುಡಿ. ಎರಡನೆಯ ದಿನಕ್ಕೇ ಗಿರಾಕಿಗಳು ಪುಡಿಯಕ್ಕನಿಗೆ ಹುಷಾರಿಲ್ಲವೇ ಎಂದು ಕೇಳತೊಡಗಿದರು. ಯಜಮಾನರು ಹಿಂದಕ್ಕೆ ಬಂದು, ನೋಡಿದಿರಾ, ಅಜ್ಜಿಯ ಕಾಲದ ವಿದ್ಯೆ ಅಷ್ಟು ಸುಲಭಕ್ಕೆ ಬರುವುದಿಲ್ಲ, ನಿಧಾನಕ್ಕೆ ಕಲಿಸಿ, ಅವಸರವೇನು ಎಂದರು. ಮಗಳಿಗೆ ಫೋನಿನಲ್ಲಿ ಮುಂದಿನ ತಿಂಗಳು ಎಂದು ಹೇಳಿದ್ದಾಯಿತು.

ಅಜ್ಜಿಯ ಕಾಲದ ವಿದ್ಯೆ ಎಂದರೆ ಇದು. ಅಂಗಡಿಯ ಮುಂದೆ ಒಂದು ಬೋರ್ಡು ಇದೆ. ಅದರಲ್ಲಿ ಮೂರು ತಲೆಮಾರಿನ ಮಸಾಲೆ ಎಂದು ಬರೆಸಿ, ಪಕ್ಕದಲ್ಲಿ ಒಬ್ಬ ಮುದುಕಿಯ ಚಿತ್ರ ಬರೆಸಿದ್ದಾರೆ. ಪುಡಿಯಕ್ಕನ ಅಜ್ಜಿಯ ಫೋಟೋ ಯಾರಲ್ಲೂ ಇರಲಿಲ್ಲ. ಪೇಂಟರು ಎದುರಿಗೆ ಸಿಕ್ಕ ಮುಖ ನೋಡಿ ಬರೆದ. ಯಜಮಾನರಿಗೇ ಹೆಂಗಸಿನ ವೇಷ ಹಾಕಿದ ಹಾಗಿದೆ.

ಎರಡನೆಯ ಸಲ ಯಜಮಾನರ ಹೆಂಡತಿಯೇ ಕಲಿಯಲು ಕೂತಳು. ಅವಳು ಮೆಣಸಿನಕಾಯಿಯನ್ನು ಇದ್ದಿಲು ಮಾಡಿದಳು. ಇನ್ನೊಂದು ಸಲವೂ ಇದ್ದಿಲು. ಮೂರನೆಯ ಸಲ ಉಪ್ಪನ್ನು ಎರಡು ಪಾಲು ಸುರಿದಳು. ನನ್ನ ಕೈಯೇ ಸರಿಯಿಲ್ಲ ಅಕ್ಕ ಎಂದು ಕಣ್ಣು ಒರೆಸಿಕೊಂಡು ಎದ್ದು ಹೋದಳು. ಅಡಿಗೆಯವನು, ಕುಣಿಯಲಾರದವರಿಗೆ ನೆಲ ಡೊಂಕು ಎಂದು ನನ್ನ ಕಿವಿಯಲ್ಲಿ ಹೇಳಿದ. ಮಗಳಿಗೆ ಮತ್ತೆ ಮುಂದಿನ ತಿಂಗಳು.

ನಾನು ಓದಿದವಳಲ್ಲ. ಅಕ್ಷರ ಕಲಿತದ್ದು ಐವತ್ತು ದಾಟಿದ ಮೇಲೆ. ಆದರೆ ಜರಡಿ ಹಿಡಿಯುವವಳಿಗೆ ಬೇರೆಯವರಿಗೆ ಕಾಣದ್ದು ಕಾಣುತ್ತದೆ. ಪುಡಿ ಕೆಳಗೆ ಹೋದ ಮೇಲೆ ಜರಡಿಯ ಮೇಲೆ ಸ್ವಲ್ಪ ತರಿ ಉಳಿಯುತ್ತದೆ. ಪುಡಿಯಕ್ಕನ ಪುಡಿಯ ತರಿಯಲ್ಲಿ ಯಾವಾಗಲೂ ಕಪ್ಪು ಚೂರುಗಳಿರುತ್ತಿದ್ದವು. ಕಾಳುಮೆಣಸಿನ ಸಿಪ್ಪೆ ಎಂದು ಒಂಬತ್ತು ವರ್ಷ ನಂಬಿದ್ದೆ. ಅಡಿಗೆಯವನ ಪುಡಿಗೂ ಅಷ್ಟೇ ಕಾಳುಮೆಣಸು ಹಾಕಿದ್ದೆವು, ಅಳೆದದ್ದು ನಾನೇ. ಅದರ ತರಿ ಬರೀ ಕೆಂಪು. ನಾನು ಎರಡು ತರಿಯನ್ನೂ ಎರಡು ಕಾಗದದ ಮೇಲೆ ಹಾಕಿ ಬೆಳಕಿಗೆ ಹಿಡಿದೆ. ಕಪ್ಪು ಚೂರನ್ನು ಉಗುರಿನಿಂದ ಎತ್ತಿ ನಾಲಿಗೆಗೆ ಇಟ್ಟೆ. ಕಾಳುಮೆಣಸಲ್ಲ. ಸೀದ ಮೆಣಸಿನಕಾಯಿ.

ಎರಡು ಕಾಗದವನ್ನೂ ಅವಳ ಮುಂದೆ ಇಟ್ಟೆ. ಅವಳು ನೋಡಿದಳು, ಬಾಗಿಲ ಕಡೆ ನೋಡಿದಳು, ಮಂಚದ ಮೇಲೆ ಕೂತಳು.

"ದೊಡ್ಡಮ್ಮ, ಇದು ನಿಮ್ಮ ಹೊಟ್ಟೇಲಿ ಇರ್ಲಿ," ಎಂದಳು.

ಅವಳು ಹೇಳಿದ್ದು ಇದು. ಹನ್ನೊಂದು ವರ್ಷದ ಹಿಂದೆ, ನಾನು ಆ ಮನೆಗೆ ಬರುವುದಕ್ಕೂ ಮೊದಲು, ಮಗಳು ಕಲಿಯಲು ಊರು ಬಿಟ್ಟ ದಿನ. ಅವತ್ತೇ ದೊಡ್ಡ ಊಟದ ಆರ್ಡರು ಬಂದಿತ್ತು. ಬಸ್ ನಿಲ್ದಾಣಕ್ಕೆ ಹೋಗಿ ಬಿಟ್ಟು ಬರಲು ಹೊತ್ತಿರಲಿಲ್ಲ. ಯಜಮಾನರು ನಾನೇ ಬಿಟ್ಟು ಬರುತ್ತೇನೆ, ನೀವು ಪುಡಿ ನೋಡಿಕೊಳ್ಳಿ ಅತ್ತಿಗೆ ಎಂದು ಹುಡುಗಿಯನ್ನು ಕರೆದುಕೊಂಡು ಹೋದರು. ಆದರೆ ಆ ಹನ್ನೊಂದರ ಬಸ್ಸು ನಮ್ಮ ಓಣಿಯ ತಿರುವಿನಲ್ಲೇ ತಿರುಗಿ ಹೋಗುತ್ತದೆ. ಎಡಗಡೆ ಕಿಟಕಿಯಲ್ಲಿ ಕೂತಿರುತ್ತೇನೆ ಎಂದು ಮಗಳು ಹೇಳಿದ್ದಳು. ಪುಡಿಯಕ್ಕ ಮೆಣಸಿನಕಾಯಿಯನ್ನು ಬಾಣಲೆಗೆ ಹಾಕಿ, ಬೆಂಕಿಯನ್ನು ಆರುವಷ್ಟು ಸಣ್ಣದು ಮಾಡಿ, ಬಾಗಿಲು ಎಳೆದುಕೊಂಡು ತಿರುವಿಗೆ ಹೋದಳು. ಬಸ್ಸು ಬರಲು ಸ್ವಲ್ಪ ತಡವಾಯಿತು. ಬಂತು, ತಿರುಗಿತು, ಕಿಟಕಿಯಲ್ಲಿ ಕೈ ಕಂಡಿತು, ಮುಖ ಕಾಣಲಿಲ್ಲ. ಅವಳು ಹಿಂದೆ ಬಂದು ನೋಡಿದರೆ ಬಾಣಲೆಯ ತಳದ ಮೆಣಸಿನಕಾಯಿಗಳೆಲ್ಲ ಸೀದು ಕಪ್ಪಾಗಿದ್ದವು.

ಮನೆಯಲ್ಲಿ ಬೇರೆ ಮೆಣಸಿನಕಾಯಿ ಇರಲಿಲ್ಲ, ಅಂಗಡಿಗಳಿಗೆ ಅವತ್ತು ರಜೆ. ಪೂರ್ತಿ ಇದ್ದಿಲಾದದ್ದನ್ನು ಆರಿಸಿ ಎಸೆದು, ಉಳಿದದ್ದನ್ನು ಹಾಗೇ ಪುಡಿಗೆ ಹಾಕಿದಳು. ಕಹಿ ಮುಚ್ಚಲು ನಿಂಬೆ ಸಿಪ್ಪೆ, ಎರಡು ಚಮಚ ಸಕ್ಕರೆ. ಅದಕ್ಕೂ ಮೊದಲು ಅವಳ ಪುಡಿಯಲ್ಲಿ ಅವೆರಡೂ ಇರಲಿಲ್ಲ. ಸಂಜೆ ಬೈಗುಳ ಕಾಯುತ್ತ ಕೂತಿದ್ದಾಗ ಯಜಮಾನರು ಓಡಿಬಂದರಂತೆ. ಊಟಕ್ಕೆ ಬಂದವರು ಬೆರಳು ಬಿಡದೆ ನೆಕ್ಕಿದರು, ಇದನ್ನು ಯಾರ ಹತ್ತಿರ ಕಲಿತಿರಿ ಅತ್ತಿಗೆ ಎಂದು ಕೇಳಿದರು. ಸೀದು ಹೋಯಿತು ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಒಲೆ ಬಿಟ್ಟು ಎಲ್ಲಿ ಹೋಗಿದ್ದಿರಿ ಎಂಬ ಪ್ರಶ್ನೆ ಹಿಂದೆಯೇ ಬರುತ್ತಿತ್ತು. ನಮ್ಮಜ್ಜಿ ಹೀಗೆ ಮಾಡುತ್ತಿದ್ದಳು ಎಂದುಬಿಟ್ಟಳು. ಅವಳ ಅಜ್ಜಿಯೋ, ಖಾರ ಎಂದರೆ ಮಾರು ದೂರ ಓಡುತ್ತಿದ್ದವಳು.

ಮುಂದಿನ ವಾರವೂ ಅದೇ ರುಚಿ ಬೇಕೆಂದರು. ಅವಳು ಒಲೆಯ ಮುಂದೆ ನಿಂತು ಬೇಕೆಂದೇ ಸೀಯಿಸಲು ನೋಡಿದಳು. ಎದುರಿಗೆ ನಿಂತರೆ ಕೈ ಸುಮ್ಮನಿರುವುದಿಲ್ಲ, ಕೆದಕುತ್ತದೆ. ಕೆದಕಿದರೆ ಒಂದೋ ಸಾಲದು, ಇಲ್ಲ ಎಲ್ಲ ಒಟ್ಟಿಗೇ ಕಹಿ. ಕೊನೆಗೆ ಅವತ್ತು ಮಾಡಿದ್ದನ್ನೇ ಮಾಡಿದಳು. ಬೆಂಕಿ ಸಣ್ಣಗೆ ಮಾಡಿ ತಿರುವಿಗೆ ಹೋಗಿ, ಬಸ್ಸು ತಿರುಗುವ ತನಕ ನಿಂತು ಬಂದಳು. ರುಚಿ ಬಂತು.

ಆಗ ನನಗೆ ಅರ್ಥವಾಯಿತು. ಪುಡಿ ಮಾಡುವ ದಿನ ಹನ್ನೊಂದಕ್ಕೆ ಮೊದಲು ಅವಳು ಬಾಗಿಲು ಎಳೆದುಕೊಂಡು ಹೊರಬಂದು, ಸೊಪ್ಪಿನ ಗಾಡಿ ಬಂತಾ ನೋಡಿಕೊಂಡು ಬರುತ್ತೇನೆ ಎಂದು ನನಗೆ ಹೇಳಿ ಹೋಗುತ್ತಿದ್ದಳು. ಸೊಪ್ಪಿನ ಗಾಡಿ ಬರುವುದು ಏಳು ಗಂಟೆಗೆ. ಪಾಪ, ಗಾಳಿಗೆ ಹೋಗುತ್ತಾಳೆ ಎಂದುಕೊಂಡು ನಾನು ಒಂದು ದಿನವೂ ಕೇಳಿರಲಿಲ್ಲ.

"ಬಸ್ಸು ತಡವಾದ್ರೆ?" ಎಂದು ಕೇಳಿದೆ.

"ಆ ವಾರದ ಪುಡಿ ಸ್ವಲ್ಪ ಕಪ್ಪು."

"ಬಸ್ಸೇ ಬರದಿದ್ರೆ?"

"ಎರಡು ಸಲ ಬಂದಿಲ್ಲ. ಹೊಸದಾಗಿ ಹುರಿದೆ."

ನನಗೆ ನಗು ಬಂತು. ಮೂರು ತಲೆಮಾರಿನ ಕೈಗುಣ ಎಂದು ಊರೆಲ್ಲ ಚಪ್ಪರಿಸುತ್ತಿದ್ದದ್ದು ಒಬ್ಬ ಬಸ್ ಡ್ರೈವರನ ಕೈಗುಣ. ನಾನು ನಕ್ಕದ್ದಕ್ಕೆ ಅವಳೂ ನಕ್ಕಳು, ಆಮೇಲೆ ನಕ್ಕ ಬಾಯಿಯಲ್ಲೇ ಅತ್ತಳು. ಯಾರಿಗಾದರೂ ಕಲಿಸಬೇಕಾದರೆ ಸೀಯಿಸಿ ಎಂದು ಹೇಳಬೇಕು. ಹೇಳಿದರೆ ಹನ್ನೊಂದು ವರ್ಷದ ಸುಳ್ಳು ಹೊರಗೆ ಬೀಳುತ್ತದೆ. ಹೇಳದಿದ್ದರೆ ಯಾರಿಗೂ ಬರುವುದಿಲ್ಲ, ಬರದಿದ್ದರೆ ಅವಳು ಹೋಗುವ ಹಾಗಿಲ್ಲ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಹೇಳಿಬಿಡು ಎಂದು ನಾನು ಅಂದೆ. ಒಂದು ದಿನ ಬೈಯುತ್ತಾರೆ, ಹತ್ತು ದಿನ ಮಾತಾಡುವುದಿಲ್ಲ, ಆಮೇಲೆ ನೀನು ಮಗಳ ಮನೆಯಲ್ಲಿರುತ್ತೀಯ ಎಂದೆ. ಅವಳು ಎಂಟು ದಿನ ಧೈರ್ಯ ಕೂಡಿಸಿಕೊಂಡಳು. ಮಧ್ಯಾಹ್ನ ಊಟದವರೆಲ್ಲ ಹೋದ ಮೇಲೆ ಯಜಮಾನರನ್ನು ಹಿಂದಕ್ಕೆ ಕರೆದು, ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದಳು. ಬಸ್ಸಿನ ಮಾತನ್ನು ಮಾತ್ರ ಹೇಳಲಿಲ್ಲ, ಮೈಮರೆತು ಸೀಯಿಸಿದೆ ಎಂದಳು. ಅವರು ಬೈಯುತ್ತಾರೆಂದು ನಾವು ಕಾದಿದ್ದೆವು. ಅವರು ನಂಬಲೇ ಇಲ್ಲ.

"ಅತ್ತಿಗೆ, ಹೇಳೋ ಮನಸ್ಸಿಲ್ದಿದ್ರೆ ಇಲ್ಲ ಅಂತ ಹೇಳಿ. ಅಜ್ಜಿ ಗುಟ್ಟು, ನಂಗೆ ಅರ್ಥ ಆಗುತ್ತೆ. ಸೀದು ಹೋಗಿದ್ದು ಅಂತ ಮಾತ್ರ ಹೇಳ್ಬೇಡಿ."

"ನಮ್ಮಜ್ಜಿ ಇದನ್ನ ಕಣ್ಣಲ್ಲೂ ನೋಡಿಲ್ಲ."

"ಬೋರ್ಡಲ್ಲಿ ಬರೆದಿದೆಯಲ್ಲ."

"ಬರೆಸಿದ್ದು ನೀವು."

"ಹೇಳಿದ್ದು ನೀವು," ಎಂದರು ಯಜಮಾನರು, ಬಹಳ ಮೆತ್ತಗೆ.

ಅವರ ತಪ್ಪೂ ಅಲ್ಲ. ಹನ್ನೊಂದು ವರ್ಷ ದಿನಕ್ಕೆ ಹತ್ತು ಜನರಿಗೆ ಆ ಅಜ್ಜಿಯ ಕಥೆ ಹೇಳಿದವರು. ಹೇಳುತ್ತ ಹೇಳುತ್ತ ಅದಕ್ಕೆ ಕೈಕಾಲು ಬೆಳೆಸಿದ್ದರು. ಆ ಅಜ್ಜಿ ಕಣ್ಣು ಮುಚ್ಚಿಕೊಂಡು ವಾಸನೆಯಲ್ಲೇ ಹದ ಹೇಳುತ್ತಿದ್ದಳು ಎಂದು ಅವರು ಒಬ್ಬ ಗಿರಾಕಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಈಗ ಅತ್ತಿಗೆ ಬಂದು ಆ ಅಜ್ಜಿಯೇ ಇಲ್ಲ ಎಂದರೆ ಹೇಗೆ ಒಪ್ಪಿಯಾರು?

ಹಾಗಾದರೆ ನಮ್ಮ ಮುಂದೆ ಸೀಯಿಸಿ ತೋರಿಸಿ ಎಂದರು. ಮರುದಿನ ಯಜಮಾನರು, ಅವರ ಹೆಂಡತಿ, ಅಡಿಗೆಯವನು ಮೂವರೂ ಆ ಕೋಣೆಯಲ್ಲಿ ಬಟ್ಟೆ ಕಟ್ಟಿಕೊಂಡು ನಿಂತರು. ಆರು ಕಣ್ಣು ಬಾಣಲೆಯ ಮೇಲೆ. ಅವಳ ಕೈ ಸುಮ್ಮನಿರಲಿಲ್ಲ, ಕೆದಕಿತು. ಐದು ನಿಮಿಷಕ್ಕೆ ಯಜಮಾನರು ಕೆಮ್ಮಿ ಕಣ್ಣು ಉಜ್ಜಿಕೊಂಡು ಹೊರಗೆ ಓಡಿದರು. ಪುಡಿ ಬರೀ ಕಹಿ. ಅವರು ಒಂದು ಚಿಟಿಕೆ ನಾಲಿಗೆಗಿಟ್ಟು ಉಗುಳಿ, ಅತ್ತಿಗೆಯನ್ನು ನೋಡಿ ನಕ್ಕರು. ಕೋಪದ ನಗೆಯಲ್ಲ, ತುಂಟ ಮಗುವನ್ನು ನೋಡಿ ನಗುವ ನಗೆ. ನಿಜವಾದದ್ದನ್ನು ಹೇಳಲು ಮನಸ್ಸು ಬಂದಾಗ ಹೇಳಿ, ಅಲ್ಲಿಯ ತನಕ ನೀವೇ ಮಾಡಿ ಎಂದು ಹೋದರು. ಸುಳ್ಳು ಹೇಳಿದಾಗ ಒಂದೇ ಮಾತಿಗೆ ನಂಬಿದ್ದರು. ನಿಜ ಹೇಳಿದಾಗ ಬಾಗಿಲು ಇನ್ನೂ ಗಟ್ಟಿಯಾಗಿ ಮುಚ್ಚಿಕೊಂಡಿತು.

ಅವತ್ತು ಅವಳು ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಮಗಳ ಫೋನು ಎರಡು ಸಲ ಬಡಿದುಕೊಂಡಿತು, ಎತ್ತಲಿಲ್ಲ. ಮೂರನೆಯ ಸಲ ನಾನು ಎತ್ತಿ ಅಮ್ಮ ಮಲಗಿದ್ದಾಳೆ ಎಂದೆ. ಹಗಲು ಹನ್ನೆರಡಕ್ಕೆ ಮಲಗಿದ್ದಾಳಾ, ಹುಷಾರಿದ್ದಾಳಾ ಎಂದು ಆ ಹುಡುಗಿ ನನ್ನನ್ನು ನರ್ಸಿನ ಹಾಗೆ ಪ್ರಶ್ನೆ ಕೇಳಿದಳು. ಅಮ್ಮ ಇಲ್ಲಿಂದ ಬರುತ್ತಾಳಾ ಇಲ್ಲವಾ, ಒಂದು ಮಾತು ಹೇಳಿ ಅಜ್ಜಿ ಎಂದಳು. ಎದ್ದ ಮೇಲೆ ಮಾತಾಡಿಸುತ್ತೇನೆ ಎಂದು ಫೋನು ಇಟ್ಟುಬಿಟ್ಟೆ.

ಯಜಮಾನರ ಹೆಂಡತಿ ಸಂಜೆ ಒಂದು ಲೋಟ ಹಾಲು ಹಿಡಿದು ಬಂದಳು. ಓರಗಿತ್ತಿಯ ಕಾಲ ಬಳಿ ಕೂತು ಹೇಳಿದಳು.

"ಅಕ್ಕ, ನಾನು ಇದ್ದಿಲು ಮಾಡಿದ್ದು ಕೈ ಬಾರದೆ ಅಲ್ಲ. ಈ ಮನೇಲಿ ಯಾರಿಗೆ ಏನು ಚೆನ್ನಾಗಿ ಬರುತ್ತೋ ಅವರನ್ನ ಅದರ ಮುಂದೇನೆ ಕೂರಿಸ್ತಾರೆ. ನಾನು ಕಲಿತಿದ್ರೆ ಈ ಮಂಚ ನನಗೆ."

ಪುಡಿಯಕ್ಕ ಎದ್ದು ಕೂತು ಅವಳ ಮುಖ ನೋಡಿದಳು. ಕೋಪ ಬರುತ್ತದೆ ಎಂದುಕೊಂಡೆ. ಹಾಲು ಇಸಿದುಕೊಂಡು, ಅರ್ಧ ತಾನು ಕುಡಿದು, ಉಳಿದ ಅರ್ಧವನ್ನು ಅವಳಿಗೇ ಕೊಟ್ಟಳು.

ಕಣ್ಣಿನಿಂದ ಆಗದ ಹದವನ್ನು ಹೊತ್ತಿನಿಂದ ಹಿಡಿಯಬಹುದು ಎಂದು ನನಗೆ ತೋಚಿದ್ದು ಅದರ ಮಾರನೆಯ ದಿನ. ನನಗೆ ಅಕ್ಷರ ಕಷ್ಟ, ಅಂಕಿ ಸಲೀಸು. ಪುಡಿ ಮಾಡುವ ದಿನ ಅವಳು ಬಾಗಿಲು ಎಳೆದುಕೊಂಡು ಹೊರಟ ಹೊತ್ತು, ಬಂದ ಹೊತ್ತು, ಎರಡನ್ನೂ ನಾನು ಕೂರುವಲ್ಲಿಂದ ಕಾಣುವ ಅಂಗಡಿಯ ಗಡಿಯಾರ ನೋಡಿ ಹಳೆಯ ನೋಟುಬುಕ್ಕಿನಲ್ಲಿ ಬರೆದೆ. ಪುಡಿಯ ರುಚಿಯನ್ನೂ ಪಕ್ಕದಲ್ಲಿ ಬರೆದೆ, ಚೆನ್ನಾಗಿದ್ದರೆ ಒಂದು ಗೆರೆ, ಬಹಳ ಚೆನ್ನಾಗಿದ್ದರೆ ಎರಡು. ಆರು ವಾರ ಬರೆದೆ. ಹತ್ತು ನಿಮಿಷಕ್ಕೆ ಒಂದು ಗೆರೆ. ಹನ್ನೆರಡಕ್ಕೂ ಒಂದು. ಹದಿನಾಲ್ಕು ನಿಮಿಷ ಆದ ವಾರ ಗೆರೆಯೇ ಇಲ್ಲ, ಅವತ್ತು ರಸ್ತೆಯಲ್ಲಿ ಲಾರಿ ಕೆಟ್ಟು ಬಸ್ಸು ನಿಂತಿತ್ತು. ಹನ್ನೊಂದು ನಿಮಿಷ ಆದ ಮೂರು ವಾರವೂ ಎರಡೆರಡು ಗೆರೆ. ಬೆಂಕಿ ಎಷ್ಟು ಸಣ್ಣದು ಎಂಬುದಕ್ಕೆ ಒಲೆಯ ತಿರುಪಿನ ಮೇಲೆ ಸುಣ್ಣದ ಚುಕ್ಕೆ ಇಟ್ಟೆ. ಮೊದಲು ಎರಡು ಸಲ ಕೆದಕಬೇಕು, ಆಮೇಲೆ ಮುಟ್ಟಬಾರದು, ಬಾಗಿಲು ಮುಚ್ಚಿ ಹೊರಗೆ ಬರಬೇಕು.

ಇದನ್ನು ಅಡಿಗೆಯವನಿಗೆ ಹೇಳಿದೆವು, ಅವನ ಬಾಯಿಗೆ ಬೀಗ ಹಾಕಿಸಿ. ಅವನು, ಗಡಿಯಾರ ನೋಡಿ ಸೀಯಿಸುವುದನ್ನು ಯಾವ ಗುರುವೂ ಹೇಳಿಕೊಟ್ಟಿಲ್ಲ ಅಜ್ಜಿ ಎಂದು ನನ್ನನ್ನು ಆಡಿಕೊಂಡ. ಆದರೆ ಮಾಡಿದ. ಹನ್ನೊಂದನೆಯ ನಿಮಿಷಕ್ಕೆ ಬಾಗಿಲು ತೆಗೆದು ಬಾಣಲೆ ಇಳಿಸಿದ. ಜರಡಿಯ ಮೇಲೆ ಕಪ್ಪು ಚೂರು ಬಂತು. ನಾಲಿಗೆಗಿಟ್ಟ ಮೇಲೆ ಅವನು ಆಡಿಕೊಳ್ಳುವುದನ್ನು ನಿಲ್ಲಿಸಿದ.

ಯಜಮಾನರಿಗೆ ಈಗಲೇ ಹೇಳಬೇಡ ಎಂದು ಪುಡಿಯಕ್ಕನಿಗೆ ನಾನೇ ಅಂದದ್ದು. ಯಾರ ಪುಡಿ ಎಂದು ಗೊತ್ತಾದರೆ ನಾಲಿಗೆಗಿಂತ ಮೊದಲು ಮನಸ್ಸು ತಪ್ಪು ಹುಡುಕುತ್ತದೆ. ಮೂರು ವಾರ ಅಡಿಗೆಯವನು ನಸುಕಿನಲ್ಲೇ ಹುರಿದಿಟ್ಟ ಪುಡಿಯೇ ಅಂಗಡಿಗೆ ಹೋಯಿತು. ಪುಡಿಯಕ್ಕ ಮಾಮೂಲಿನಂತೆ ಮೂಗಿಗೆ ಬಟ್ಟೆ ಕಟ್ಟಿ ಒಳಗೆ ಹೋಗಿ ಸುಮ್ಮನೆ ಕೂತು ಬರುತ್ತಿದ್ದಳು. ಆ ಮೂರು ವಾರ ಅವಳಿಗೆ ಊಟ ಸೇರಲಿಲ್ಲ. ಮುಂದಿನಿಂದ ಹೆಜ್ಜೆ ಸದ್ದು ಕೇಳಿದರೆ ಎದ್ದು ಬಾಣಲೆ ಕೆದಕುವವಳ ಹಾಗೆ ನಿಲ್ಲುತ್ತಿದ್ದಳು. ಗಿರಾಕಿಗಳು ಏನೂ ಹೇಳಲಿಲ್ಲ. ಒಬ್ಬರು ಮಾತ್ರ ಈ ಸಲ ಪುಡಿಯಕ್ಕನ ಕೈ ಇನ್ನೂ ಪಳಗಿದೆ ಎಂದರಂತೆ, ಯಜಮಾನರೇ ಹಿಂದಕ್ಕೆ ಬಂದು ಹೇಳಿದರು.

ಆಗ ಅವಳು ಹೇಳಿದಳು. ಅದು ಇವನ ಕೈ ಎಂದು ಅಡಿಗೆಯವನನ್ನು ತೋರಿಸಿದಳು. ಯಜಮಾನರು ಅವನನ್ನು ನೋಡಿದರು, ನನ್ನನ್ನು ನೋಡಿದರು. ನಾನು ನೋಟುಬುಕ್ಕನ್ನು ಕೊಟ್ಟೆ. ಅವರು ನಿಂತಲ್ಲೇ ಆರು ವಾರದ ಅಂಕಿಯನ್ನೂ ಗೆರೆಯನ್ನೂ ಓದಿದರು. ಮುಖದಲ್ಲಿ ಒಂದೊಂದೇ ದೀಪ ಆರಿದ ಹಾಗೆ ಆಯಿತು. ಅವರು ಕಳೆದುಕೊಂಡದ್ದು ಅತ್ತಿಗೆಯನ್ನಲ್ಲ, ಆ ಅಜ್ಜಿಯನ್ನು.

"ಹಾಗಾದ್ರೆ ಇಷ್ಟು ವರ್ಷ ಒಳಗೆ ಕೂತು ಏನ್ ಮಾಡ್ತಿದ್ರಿ ಅತ್ತಿಗೆ?"

"ಒಳಗೆ ಕೂತಲ್ಲ. ಹೊರಗೆ ಹೋಗಿ ಮಾಡ್ತಿದ್ದೆ."

ಯಾಕೆ ಹೊರಗೆ, ಎಲ್ಲಿಗೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಅವಳು ಹೇಳುತ್ತಿದ್ದಳೋ ಏನೋ. ಬೋರ್ಡು ಹಾಗೇ ಇರಲಿ, ಸೀದ ಮಾತು ಈ ನಾಲ್ಕು ಗೋಡೆಯ ಒಳಗೆ ಇರಲಿ ಎಂದು ಮಾತು ತೆಗೆದುಕೊಂಡರು. ಅವಳು ಕೊಟ್ಟಳು. ಹೋಗಿ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ಬೇಡ ಎನ್ನಲು ಅವರ ಬಳಿ ಇನ್ನೇನೂ ಉಳಿದಿರಲಿಲ್ಲ.

ಇನ್ನು ಅಡಿಗೆಯವನ ಸರದಿ. ಕೋಣೆ ಅವನದಾಗುತ್ತದೆ ಎಂದು ತಿಳಿದ ಕೂಡಲೇ ಅವನು ಯಜಮಾನರ ಎದುರು ನಿಂತು, ಆ ಗೂಡಿನಲ್ಲಿ ನಾನು ಕೂರುವುದಿಲ್ಲ, ಹೊಗೆ ಎಳೆಯುವ ಫ್ಯಾನು ಹಾಕಿಸಿ, ಇಲ್ಲದಿದ್ದರೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದ. ಮೂರನೆಯ ದಿನ ಕರೆಂಟಿನವನು ಬಂದ. ಹಿಂದಿನ ಗೋಡೆ ಒಡೆದು, ಪಾಳು ಜಾಗದ ಕಡೆಗೆ ಫ್ಯಾನು ಕೂರಿಸಿದ. ಪುಡಿಯಕ್ಕ ಬಟ್ಟೆ ಮಡಚುವುದನ್ನು ಬಿಟ್ಟು ಬಂದು ನೋಡುತ್ತ ನಿಂತಳು. ಪರೀಕ್ಷೆಗೆಂದು ಒಂದು ಹಿಡಿ ಮೆಣಸಿನಕಾಯಿ ಹಾಕಿದರು. ಹೊಗೆ ನೆಟ್ಟಗೆ ಹೋಗಿ ಗೋಡೆಯಿಂದ ಹೊರಬಿತ್ತು. ಯಾರೂ ಕೆಮ್ಮಲಿಲ್ಲ.

"ಇದಕ್ಕೆ ಎಷ್ಟು ಹೊತ್ತು ಹಿಡೀತಪ್ಪ?" ಎಂದು ಅವಳು ಕರೆಂಟಿನವನನ್ನು ಕೇಳಿದಳು.

"ಅರ್ಧ ದಿನ ಅಮ್ಮ."

ಯಜಮಾನರು ಪಕ್ಕದಲ್ಲೇ ಇದ್ದರು. ನೀವು ಒಂದು ಮಾತು ಕೇಳಿದ್ದರೆ ನಿಮಗೂ ಹಾಕಿಸುತ್ತಿರಲಿಲ್ಲವೇ ಎಂದರು. ಅವರು ಸುಳ್ಳು ಹೇಳಲಿಲ್ಲ, ಕೇಳಿದ್ದರೆ ಹಾಕಿಸುತ್ತಿದ್ದರು. ಹೌದು, ಕೇಳಲಿಲ್ಲ ಎಂದಳು ಅವಳು. ಆಮೇಲೆ ಬಟ್ಟೆ ಮಡಚುತ್ತ ಸಂಜೆಯ ತನಕ ಅದನ್ನೇ ಹೇಳಿದಳು, ನನಗಲ್ಲ, ಪೆಟ್ಟಿಗೆಗೆ. ಕೇಳಬಹುದಿತ್ತು. ಕೇಳಬಹುದಿತ್ತು.

ಮಗಳೇ ಬಂದು ಕರೆದುಕೊಂಡು ಹೋದಳು. ಯಜಮಾನರು ಪೆಟ್ಟಿಗೆ ಹೊತ್ತು ಆಟೋದಲ್ಲಿ ಇಟ್ಟರು, ಕಣ್ಣು ಒದ್ದೆಯಾಗಿತ್ತು. ದೊಡ್ಡ ಆರ್ಡರು ಬಂದಾಗ ಒಂದು ಸಲ ಬಂದು ಹೋಗಿ ಅತ್ತಿಗೆ ಎಂದರು. ನೋಡೋಣ ಎನ್ನುತ್ತಾಳೆ ಎಂದುಕೊಂಡೆ, ಜನ್ಮವೆಲ್ಲ ಹಾಗೇ ಅಂದವಳು.

"ಬರಲ್ಲ," ಎಂದಳು.

ಈಗ ಅಡಿಗೆಯವನು ಹುರಿಯುತ್ತಾನೆ, ಫ್ಯಾನು ಹೊಗೆ ಎಳೆಯುತ್ತದೆ. ಜರಡಿ ಹಿಡಿಯುವಾಗ ಮಾತ್ರ ಅದನ್ನು ಆರಿಸಬೇಕು, ಇಲ್ಲದಿದ್ದರೆ ನುಣುಪು ಪುಡಿಯೆಲ್ಲ ಹೊರಗೆ ಹಾರಿಹೋಗುತ್ತದೆ. ಆದ್ದರಿಂದ ನನ್ನ ಕೆಲಸದ ಹೊತ್ತಿಗೆ ಕೋಣೆ ಮೊದಲಿನ ಹಾಗೇ ಇರುತ್ತದೆ. ಮಂಚ ತೆಗೆದಿದ್ದಾರೆ, ಕಾಲು ಚಾಚಿ ಕೂರಬಹುದು.

ತಿಂಗಳ ಮೇಲೆ ಅವಳ ಫೋನು ಬಂತು. ಮಗಳು ಬೆಳಿಗ್ಗೆ ಡ್ಯೂಟಿಗೆ ಹೋದರೆ ಬರುವುದು ನಾಲ್ಕಕ್ಕೆ. ಎದ್ದು ಏನು ಮಾಡಬೇಕೆಂದೇ ತೋಚುವುದಿಲ್ಲ, ಎರಡು ಸಲ ಗುಡಿಸುತ್ತೇನೆ ಎಂದಳು. ಪಕ್ಕದ ಮನೆಯವರಿಗೆ ಪುಡಿ ಮಾಡಿಕೊಡಬಹುದಲ್ಲ ಎಂದೆ. ನಿನ್ನೆ ಮೀನು ತಂದೆ ಎಂದಳು.

"ಏನು ಹಚ್ಚಿದೆ?"

"ಉಪ್ಪು. ಬರೀ ಉಪ್ಪು."

"ಹೇಗಿತ್ತು?"

"ಸಪ್ಪೆ," ಎಂದಳು. "ಎರಡು ತುಂಡು ತಿಂದೆ."